ಮೇಷ್ಟ್ರು ನುಡಿದ ಸಾಕ್ಷಿ

ಅಪ್ಪನ ಉಯಿಲು ಸಿಕ್ಕಿದ್ದು ಅವರ ಟ್ರಂಕಿನ ತಳದಲ್ಲಿ, ಹಳೆಯ ಕಂದಾಯ ರಸೀದಿಗಳ ಕಟ್ಟಿನೊಳಗೆ. ಎರಡು ಹಾಳೆ, ಅಪ್ಪನದೇ ಕೈಬರಹ, ಕೆಳಗೆ ಅವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ. ತುಮಕೂರು ಜಿಲ್ಲೆಯ ನಮ್ಮೂರಿನ ಮನೆ ಮತ್ತು ಮೂರು ಎಕರೆ ತೆಂಗಿನ ತೋಟ, ಎರಡೂ ಕೊನೆಯವರೆಗೆ ಜೊತೆಗಿದ್ದ ಮಗನಾದ ನನಗೆ ಸೇರಬೇಕೆಂದು ಅದರಲ್ಲಿತ್ತು. 2018ರಲ್ಲಿ ಅಪ್ಪ ತೀರಿಕೊಂಡ ಮೇಲೆ ಆ ಹಾಳೆಗಳನ್ನಿಟ್ಟು ಖಾತೆ ಬದಲಾವಣೆಗೆ ಅರ್ಜಿ ಕೊಟ್ಟೆ. ಅಕ್ಕ ತಕರಾರು ಸಲ್ಲಿಸಿದಳು, ಆಮೇಲೆ ಪಾಲು ಕೇಳಿ ದಾವೆ ಹೂಡಿದಳು. ಅರ್ಜಿ ಕೊಡುವ ಮುನ್ನ ಅವಳಿಗೆ ನಾನು ಒಂದು ಮಾತೂ ತಿಳಿಸಿರಲಿಲ್ಲ. ಅದು ನನ್ನ ತಪ್ಪು.

ಮುಂಬಯಿಯಲ್ಲಿರುವ ಚಿಕ್ಕಪ್ಪನ ಮಗ, ಪ್ರೊಬೇಟ್, ಅಂದರೆ ಉಯಿಲು ಸಾಚಾ ಎಂದು ಕೋರ್ಟು ಕೊಡುವ ಪ್ರಮಾಣಪತ್ರ, ಇಲ್ಲದ ಉಯಿಲಿಗೆ ಬೆಲೆಯೇ ಇಲ್ಲವೆಂದು ಹೆದರಿಸಿದ್ದ. ಆಗ ಜಾರಿಯಲ್ಲಿದ್ದ ಆ ಕಟ್ಟುಪಾಡು ಅಲ್ಲಿನದು, ನಮ್ಮ ಜಿಲ್ಲೆಯಲ್ಲಿ ಬರೆದ ಉಯಿಲನ್ನು ದಾವೆಯಲ್ಲಿಯೇ ಸಾಬೀತುಪಡಿಸಬಹುದು, ನೋಂದಣಿಯಾಗದಿದ್ದರೂ ಅಡ್ಡಿಯಿಲ್ಲ ಎಂದು ವಕೀಲರು ಧೈರ್ಯ ಹೇಳಿದರು. ಆದರೆ ಸಾಕ್ಷಿ ಹಾಕಿದವರಲ್ಲಿ ಬದುಕಿರುವವರು ಒಬ್ಬರಾದರೂ ಬಂದು ನುಡಿಯಬೇಕಿತ್ತು. ಒಬ್ಬರು ಆಗಲೇ ಕಾಲವಾಗಿದ್ದರು. ಉಳಿದಿದ್ದವರು ಅಕ್ಕನಿಗೂ ನನಗೂ ಅಕ್ಷರ ಕಲಿಸಿದ, ಎಂಬತ್ತು ದಾಟಿದ ಮೇಷ್ಟ್ರು.

ವಾಯಿದೆಯ ಹಿಂದಿನ ಸಂಜೆ ಅವರ ಮನೆಗೆ ಹೋದೆ. "ಅಪ್ಪ ನಿಮ್ಮ ಕಣ್ಣೆದುರೇ ಸಹಿ ಹಾಕಿದರು ಎಂದು ಹೇಳಿಬಿಡಿ, ಮೇಷ್ಟ್ರೇ" ಎಂದೆ. ಅವರು ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ, ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದರು.

ಮರುದಿನ ಮಧ್ಯಾಹ್ನ ಅವರ ಹೆಸರು ಕೂಗಿದರು. ನ್ಯಾಯಾಧೀಶರು ಕುಳಿತು ಹೇಳಬಹುದೆಂದರೂ ಮೇಷ್ಟ್ರು ಕಟಕಟೆಯ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಪಾಟೀ ಸವಾಲಿನಲ್ಲಿ ಅಕ್ಕನ ಕಡೆಯ ವಕೀಲರು, ಉಯಿಲಿಗೆ ನಮ್ಮಪ್ಪ ಸಹಿ ಹಾಕಿದ್ದನ್ನು ನೋಡಿದಿರಾ ಎಂದು ಕೇಳಿದರು.

"ಇಲ್ಲ ಸ್ವಾಮಿ. ಸಹಿ ಹಾಕಿಕೊಂಡೇ ನಮ್ಮ ಮನೆ ಜಗಲಿಗೆ ತಂದರು. ಇದು ನನ್ನ ಉಯಿಲು, ಇದು ನನ್ನ ಸಹಿ, ನೀವಿಬ್ಬರೂ ಸಾಕ್ಷಿ ಹಾಕಿ ಅಂದರು. ಅವರು ಕೂತಿದ್ದ ಹಾಗೇ ನಾವಿಬ್ಬರೂ ಹಾಕಿದೆವು."

ನನ್ನ ಎದೆ ಧಸಕ್ಕೆಂದಿತು. ಎಲ್ಲ ಮುಗಿಯಿತೆಂದುಕೊಂಡು ಹೊರಗೆ ಬಂದರೆ ನಮ್ಮ ವಕೀಲರು ನಿರಾಳವಾಗಿದ್ದರು. ಬರೆದವನು ಸಹಿ ಹಾಕುವುದನ್ನು ಸಾಕ್ಷಿಗಳು ನೋಡಿರಬೇಕು, ಇಲ್ಲವೇ ಅದು ತನ್ನ ಸಹಿಯೆಂದು ಅವನೇ ಅವರ ಮುಂದೆ ಒಪ್ಪಿಕೊಂಡಿರಬೇಕು, ಮತ್ತು ಅವರು ಅವನೆದುರು ಸಹಿ ಮಾಡಿರಬೇಕು. 1925ರ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕೇಳುವುದು ಇಷ್ಟನ್ನೇ. ನಾನು ಹೇಳಿಕೊಟ್ಟ ಸುಳ್ಳು ಬೇಕಾಗಿಯೇ ಇರಲಿಲ್ಲ. ಆ ಸುಳ್ಳನ್ನು ಮೇಷ್ಟ್ರ ಬಾಯಲ್ಲಿ ಇಡಲು ಹೋಗಿದ್ದೆನಲ್ಲ ಎಂಬ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಉಯಿಲು ನಿಂತರೂ ತೋಟದಲ್ಲಿ ಅಕ್ಕನ ಪಾಲು ಹೋಗುವುದಿಲ್ಲವೆಂದು ವಕೀಲರು ಅಂದೇ ಬಿಡಿಸಿ ಹೇಳಿದರು. ಮನೆಯನ್ನು ಅಪ್ಪ ಕೊಬ್ಬರಿ ವ್ಯಾಪಾರದ ದುಡ್ಡಿನಲ್ಲಿ ಕಟ್ಟಿಸಿದ್ದರು, ಯಾರಿಗೆ ಬೇಕಾದರೂ ಬರೆಯಬಹುದಿತ್ತು. ತೋಟವಾದರೋ ಮುತ್ತಾತನ ಕಾಲದಿಂದ ಬಂದ ಪಿತ್ರಾರ್ಜಿತ. ಅದರಲ್ಲಿ ಅಪ್ಪ ಬರೆಯಬಹುದಾಗಿದ್ದುದು ತಮ್ಮ ಭಾಗವನ್ನು ಮಾತ್ರ. ಅಕ್ಕನ ಮದುವೆಯಾದದ್ದು 1991ರಲ್ಲಿ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ಕರ್ನಾಟಕದ ತಿದ್ದುಪಡಿ, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು, ಮತ್ತು ನಾನು ಅದನ್ನೇ ನೆಚ್ಚಿಕೊಂಡಿದ್ದೆ. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಗೆರೆಯಿಲ್ಲ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತ್ತು. ಅಮ್ಮ ಮೊದಲೇ ಹೋಗಿದ್ದರಿಂದ ಲೆಕ್ಕ ಸರಳವಾಗಿತ್ತು: ಅಪ್ಪನಿಗೆ, ಅಕ್ಕನಿಗೆ, ನನಗೆ ಒಂದೊಂದು ಎಕರೆ, ಅಪ್ಪನ ಎಕರೆ ಉಯಿಲಿನಂತೆ ನನಗೆ.

ಕೋರ್ಟಿನ ಎದುರಿನ ಬೇವಿನ ಮರದಡಿ ಅಕ್ಕ ಮೇಷ್ಟ್ರಿಗೆ ಎಳನೀರು ಕೊಡಿಸುತ್ತಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಹತ್ತಿರ ಹೋಗಿ ನಿಂತೆ. "ಒಂದು ಎಕರೆ ನಿನ್ನದು, ಅಕ್ಕ" ಎಂದೆ. "ಇಷ್ಟು ಹೇಳೋಕೆ ಕೋರ್ಟಿಗೆ ಬರಬೇಕಿತ್ತೇನೋ?" ಎಂದವಳು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

ಮುಂದಿನ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಕೊಳವೆಬಾವಿ ನನ್ನ ಕಡೆಗೆ ಬಂದಿದ್ದರಿಂದ, ವಾರದಲ್ಲಿ ಮೂರು ದಿನ ಅಕ್ಕನ ಮರಗಳಿಗೆ ನೀರು ಬಿಡಬೇಕೆಂಬ ಸಾಲನ್ನು ರಾಜಿ ಅರ್ಜಿಯಲ್ಲಿ ನಾನೇ ಕೇಳಿ ಬರೆಸಿದೆ.