ಕಾಳಿಗಿಂತ ಮೊದಲು ನೀರಿಡಿ

ಕೈತೋಟಕ್ಕೆ ಹಕ್ಕಿಗಳು ಬರಲಿ ಎಂದು ಎಲ್ಲರೂ ಮೊದಲು ಕಾಳು ಚೆಲ್ಲುತ್ತಾರೆ. ಕಾಳಿಗೆ ಬರುವುದು ಕಾಳು ತಿನ್ನುವವು ಮಾತ್ರ. ನೀರಿಗಾದರೆ ಹುಳ ಹಿಡಿಯುವವು, ಹಣ್ಣು ತಿನ್ನುವವೂ ಇಳಿಯುತ್ತವೆ.

ತಟ್ಟೆ ಅಗಲವಾಗಿರಲಿ, ಆಳ ಬೇಡ. ಅಂಚಿನಲ್ಲಿ 1–2 ಸೆಂ.ಮೀ., ನಡುವೆ ಹೆಚ್ಚೆಂದರೆ 5 ಸೆಂ.ಮೀ. ನೀರು ಸಾಕು. ನುಣುಪಾದ ಪ್ಲಾಸ್ಟಿಕ್‌ ಮೇಲೆ ಕಾಲು ಜಾರುತ್ತದೆ. ಒರಟು ಮಣ್ಣಿನ ತಟ್ಟೆಯೇ ವಾಸಿ. ಅದಿಲ್ಲದಿದ್ದರೆ ನಡುವೆ ಚಪ್ಪಟೆ ಕಲ್ಲೊಂದನ್ನು ಇಡಿ.

ಹೆಚ್ಚಿನವರು ಎಡವುವುದು ಜಾಗದ ಆಯ್ಕೆಯಲ್ಲಿ. ಪೊದೆಗೆ ತಾಗಿಸಿಟ್ಟರೆ ಬೆಕ್ಕು ಹೊಂಚು ಹಾಕುತ್ತದೆ. ಬಟಾಬಯಲಿನಲ್ಲಿಟ್ಟರೆ ಗಿಡುಗನ ಭಯಕ್ಕೆ ಹಕ್ಕಿ ಇಳಿಯುವುದೇ ಇಲ್ಲ. ರೆಕ್ಕೆ ಒದ್ದೆಯಾದ ಹಕ್ಕಿಗೆ ಸರಾಗವಾಗಿ ಹಾರಲಾಗದು, ಹತ್ತಿರದಲ್ಲೇ ಕೊಂಬೆ ಬೇಕು. ಪೊದೆಯಿಂದ 2–3 ಮೀಟರ್ ದೂರ ಸರಿಯಾದ ಅಳತೆ. ದೊಡ್ಡ ಗಾಜಿನ ಕಿಟಕಿಯಿದ್ದರೆ ಹೊರಮೈಗೆ 5 ಸೆಂ.ಮೀ. ಅಂತರದಲ್ಲಿ ಚುಕ್ಕಿಗಳನ್ನು ಅಂಟಿಸಿ. ಗಾಜಿನಲ್ಲಿ ಕಾಣುವ ಆಕಾಶವನ್ನು ನಿಜವೆಂದೇ ನಂಬಿ ಹಕ್ಕಿಗಳು ಡಿಕ್ಕಿ ಹೊಡೆದು ಸಾಯುತ್ತವೆ. ಇದನ್ನು ದಯವಿಟ್ಟು ಮುಂದೂಡಬೇಡಿ.

ನೀರನ್ನು ದಿನವೂ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಪಾಚಿಯನ್ನು ಬ್ರಷ್‌ನಿಂದ ಉಜ್ಜಿ, ಸೋಪು ಬೇಡ. ಗರಿ ಉಬ್ಬಿಸಿಕೊಂಡು, ಹತ್ತಿರ ಹೋದರೂ ಹಾರದ ಹಕ್ಕಿ ಕಂಡರೆ ಅದಕ್ಕೆ ಕಾಯಿಲೆ ಇರಬಹುದು. ಸೋಂಕು ಹರಡದಂತೆ ಕೆಲವು ವಾರ ತಟ್ಟೆಯನ್ನು ತೆಗೆದಿಡಿ.