ಮುಂದಿನ ತಿಂಗಳೂ ನೀನೇ ಇರ್ತೀಯಾ?

ಸೋಮವಾರದಿಂದ ಒಂದೇ ಮಾತು ಕಿವಿಯಲ್ಲಿದೆ. "ಮುಂದಿನ ತಿಂಗಳೂ ನೀನೇ ಇರ್ತೀಯೇನವ್ವಾ?"

ಎಂಬಿಬಿಎಸ್‌ಗೆ ಅಂತ ನೀಟ್ ಬರೆದು, ಸೀಟು ಹಂಚುವ ಕೌನ್ಸೆಲಿಂಗ್‌ಗೆ ಕಾಯ್ತಾ ಇದ್ದೇನೆ. "ಸುಮ್ನೆ ಮನೇಲಿ ಕೂರಬೇಡ, ನಾಲ್ಕು ಜನ ಡಾಕ್ಟರ ಪರಿಚಯ ಮಾಡ್ಕೋ, ಮುಂದೆ ಕೈ ಹಿಡಿಯುತ್ತೆ" ಅಂತ ಮಾವ ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದ್ದರು. ಮಾವ ಒಳ್ಳೆಯವರು. ಆದರೆ ಅವರಿಗೆ ಪರಿಚಯ ಅಂದ್ರೆ ಕಷ್ಟಕ್ಕೆ ಬರುವ ಫೋನ್ ನಂಬರ್.

ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಅಲ್ಲಿ ಕಾಲಿಡೋಕೂ ಜಾಗವಿಲ್ಲ. ಇಂಥ ಒಂದು ಕೇಂದ್ರ ಸುಮಾರು 30,000 ಜನಕ್ಕೆ ಅಂತ ಲೆಕ್ಕ. ಇರೋದು ಒಬ್ಬರೇ ಡಾಕ್ಟರ್. ಮೇಡಂ ಒಂದು ಸಲ ತಲೆ ಎತ್ತಿ, "ಸಿಸ್ಟರ್ ಹತ್ರ ಹೋಗಮ್ಮ, ಬಿಪಿ ನೋಡೋದು ಕಲಿ" ಅಂದರು. ಅಷ್ಟೇ. ಬೇಜಾರಾಯಿತು.

ಸಿಸ್ಟರ್ ಪಟ್ಟಿ ಸುತ್ತೋದು ಹೇಳಿಕೊಟ್ಟರು. ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ತೋಳು ಎದೆಯ ಮಟ್ಟಕ್ಕೆ. ಅದಕ್ಕೂ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕು. ನಾನು ಮೊದಲು ಸುತ್ತಿದ್ದು ಒಬ್ಬ ಅಜ್ಜಿಯ ತೋಳಿಗೆ. 170/100, ತುಂಬಾ ಜಾಸ್ತಿ. ಸಿಸ್ಟರ್ ಚೀಟಿಯಲ್ಲಿ ಬರೆದು ಆಚೆ ಹೋದರು.

ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಪೇಪರ್ ಚೂರಿನಲ್ಲಿ ಗುಳಿಗೆಗಳು, ಎಲ್ಲವೂ ಅರ್ಧರ್ಧ ಮುರಿದವು. "ತಿಂಗಳಿಂದು ಎರಡು ತಿಂಗಳಿಗೆ ಬರಲಿ ಅಂತ" ಅಂದರು. ಗುಳಿಗೆಗೆ ಇಲ್ಲಿ ದುಡ್ಡು ಕೊಡಬೇಕಾಗಿಲ್ಲವಲ್ಲ ಅಂದೆ. "ಗುಳಿಗೇನೂ ಫ್ರೀ, ಬಸ್ಸೂ ಫ್ರೀ. ಬಂದ ದಿನದ ಕೂಲಿ ಯಾರು ಕೊಡ್ತಾರವ್ವಾ?"

ಓಡಿ ಹೋಗಿ ಸಿಸ್ಟರ್‌ಗೆ ಹೇಳಿದೆ, ಅವರು ಮೇಡಂಗೆ. ಮೇಡಂ ಅಷ್ಟರಲ್ಲಿ ಇನ್ನೊಂದು ಗುಳಿಗೆ ಸೇರಿಸಿ ಬರೆಯುತ್ತಿದ್ದರು. ಪೆನ್ನು ನಿಲ್ಲಿಸಿ ಅದನ್ನು ಹೊಡೆದು ಹಾಕಿದರು. "ಹಳೇದನ್ನೇ ಪೂರ್ತಿ ತಗೊಳ್ಳಲಿ, ತಿಂಗಳು ಬಿಟ್ಟು ನೋಡೋಣ."

ಆಗಲೇ ಅಜ್ಜಿ ನನ್ನ ಕೈ ಹಿಡಿದು ಆ ಮಾತು ಕೇಳಿದ್ದು. ನನಗೆ ಉತ್ತರ ಬರಲಿಲ್ಲ.

ಡಾಕ್ಟರಿಗೆ ಹೇಳದ್ದನ್ನು ಅಜ್ಜಿ ನನಗೆ ಹೇಳಿದರು. ನಾನು ಏನೂ ಅಲ್ಲದವಳು, ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಎಂಬಿಬಿಎಸ್ ಓದುವವರು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತಗೊಂಡು ಅವರ ಆರೋಗ್ಯ ವಿಚಾರಿಸುತ್ತಿರಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ನಿಯಮ ತಂದಿದೆ. ಓದಿದಾಗ ಇದೂ ಒಂದು ರೆಕಾರ್ಡ್ ಬರೆಯೋ ಕೆಲಸ ಅಂದುಕೊಂಡಿದ್ದೆ. ವರ್ಷಗಟ್ಟಲೆ ಅದೇ ಮನೆಗೆ ಹೋದರೆ ಮಾತ್ರ ಸೆರಗಿನ ಗಂಟು ಬಿಚ್ಚುತ್ತಾರೆ, ಅಲ್ವಾ? ದೊಡ್ಡ ಡಾಕ್ಟರ ಪರಿಚಯ ಬೇಡ ಅಂತಲ್ಲ. ಆ ಮೇಡಂ ಹತ್ತಿರ ಇನ್ನೂ ಕಲಿಯೋ ಆಸೆಯಿದೆ. ಆದರೆ ನನ್ನನ್ನು ಅಜ್ಜಿಯ ಪಕ್ಕ ಕೂರಿಸಿದ್ದು ಸಿಸ್ಟರ್. ಅವರ ಹೆಸರನ್ನು ಮಾವ ಒಂದು ಸಲವೂ ಹೇಳಿರಲಿಲ್ಲ.

ಅಜ್ಜಿಗೆ ಕೊಟ್ಟಿದ್ದು 30 ಗುಳಿಗೆ. ನಿನ್ನೆ ಸಿಸ್ಟರ್‌ಗೆ ಫೋನ್ ಮಾಡಿ, ಅವು ಮುಗಿಯೋ ದಿನ ನಾನೂ ಬರಲಾ ಅಂತ ಕೇಳಿದೆ. "ಒಂಬತ್ತಕ್ಕೇ ಬಾ, ಅಜ್ಜಿ ಬೇಗ ಕೂಲಿಗೆ ಹೋಗಬೇಕು" ಅಂದರು.