ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಂದೇ ಹಾರಾಟದಲ್ಲಿ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರ ಸುಮಾರು 14,000 ಕಿಲೋಮೀಟರ್. ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದರೆ ಅದು ನೇಪಾಳ, ಟಿಬೆಟ್, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಹಾಯುತ್ತದೆ. ನಾವು ಹತ್ತಿದ ಏರ್ ಇಂಡಿಯಾ ವಿಮಾನ ಆ ದಾರಿ ಹಿಡಿಯಲಿಲ್ಲ. ಮಧ್ಯಾಹ್ನ ದೇವನಹಳ್ಳಿಯಲ್ಲಿ ಮೇಲೆದ್ದು, ಬಂಗಾಳ ಕೊಲ್ಲಿ ದಾಟಿ, ಮ್ಯಾನ್ಮಾರ್, ದಕ್ಷಿಣ ಚೀನಾಗಳ ಮೇಲಿಂದ ಜಪಾನಿನತ್ತ ಸಾಗಿತು.

ದೂರ ಹೆಚ್ಚಿದರೂ ಈ ದಾರಿಯೇ ಲಾಭ. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ಸುಮಾರು 3,000 ಮೀಟರಿಗೆ ಇಳಿಯಬೇಕು, ಅಲ್ಲಿ ಇಳಿಯಲು ಜಾಗವಿಲ್ಲ. ಪೆಸಿಫಿಕ್ ಸಾಗರದ ಮೇಲಾದರೋ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗೆ ಬಲ ಕೊಡುತ್ತದೆ. ಜಪಾನ್ ದಾಟಿದ ಮೇಲೆ ಎದುರಿನ ಪರದೆಯಲ್ಲಿ ವೇಗ ಗಂಟೆಗೆ ಸಾವಿರ ಕಿಲೋಮೀಟರ್ ಮೀರಿದ್ದನ್ನು ನೋಡಿ ನಿದ್ದೆಯೇ ಹಾರಿಹೋಯಿತು. ಇಂಥ ಬೋಯಿಂಗ್ 777-200 ಎಲ್‌ಆರ್ ವಿಮಾನದ ಟ್ಯಾಂಕುಗಳು ಹಿಡಿಯುವ ಇಂಧನ ಸುಮಾರು 1,80,000 ಲೀಟರ್. ಅಷ್ಟನ್ನು ಹೊತ್ತು ಮೇಲೇರುವುದೇ ನನಗೆ ದೊಡ್ಡ ಅಚ್ಚರಿ.

ಪಕ್ಕದಲ್ಲಿ ಮಂಡ್ಯದ ಹಿರಿಯರೊಬ್ಬರು ಮಗಳ ಬಾಣಂತನಕ್ಕೆ ಹೊರಟಿದ್ದರು. ಮಡಿಲಲ್ಲಿ ಮಾತ್ರೆಗಳ ಡಬ್ಬಿ. ಒಂದೊಂದು ಖಾನೆಗೂ ‘ಬೆಳಗ್ಗೆ’, ‘ರಾತ್ರಿ’ ಎಂದು ಕನ್ನಡದಲ್ಲಿ ಬರೆದ ಚೀಟಿ. ಪೂರ್ವಕ್ಕೆ ಹಾರುವವರಿಗೆ ಕತ್ತಲು ಬೇಗ ಬರುತ್ತದೆ, ಬೇಗ ಮುಗಿಯುತ್ತದೆ. ಅವರು ಕಿಟಕಿಯ ಬಿಸಿಲನ್ನೂ ಕೈಗಡಿಯಾರವನ್ನೂ ನೋಡಿ ಕೇಳಿದರು:

“ಏನಪ್ಪಾ, ಇಲ್ಲಿ ಬೆಳಗಾಗಿದೆ, ಗಡಿಯಾರದಲ್ಲಿ ನಡುರಾತ್ರಿ. ಯಾವುದನ್ನು ನಂಬಲಿ?”

“ಮಾತ್ರೆಯ ಬಗ್ಗೆ ಡಾಕ್ಟರು ಏನು ಹೇಳಿದ್ದಾರೆ ಅಮ್ಮಾ?”

“ಇಳಿಯುವ ತನಕ ನಮ್ಮೂರಿನ ಸಮಯವೇ ಅಂದಿದ್ದಾರೆ.”

“ಹಾಗಾದರೆ ಗಡಿಯಾರವನ್ನೇ ನಂಬಿ.”

ಅಂತಾರಾಷ್ಟ್ರೀಯ ದಿನರೇಖೆ ದಾಟುವಾಗ ಒಂದು ದಿನ ಹಿಂದಕ್ಕೆ ಬಂದೆವು. ಹದಿನಾರು ಗಂಟೆ ಹಾರಿ ಇಳಿದಾಗ ಅಲ್ಲಿ ಹೊರಟ ದಿನದ್ದೇ ಸಂಜೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ಹದಿಮೂರೂವರೆ.

ಮರಳುವಾಗ ಲೆಕ್ಕ ತಿರುಗಿತು. ಹಾರಾಟ ಹದಿನೇಳು ಗಂಟೆ ಮೀರಿತು. ಶನಿವಾರ ರಾತ್ರಿ ಹೊರಟವರು ಬೆಂಗಳೂರು ಮುಟ್ಟಿದ್ದು ಸೋಮವಾರ ಬೆಳಗಿನ ಜಾವ, ಭಾನುವಾರವೆಲ್ಲ ಆಕಾಶದಲ್ಲೇ. 2021ರ ಜನವರಿಯಲ್ಲಿ ಈ ಮಾರ್ಗದ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿದ್ದರು. ಆ ಸಾಧನೆಯ ತೂಕ ನನಗೆ ತಿಳಿದದ್ದು ಈ ಮರುಪ್ರಯಾಣದಲ್ಲೇ.

ವಯಸ್ಸಾದ ತಂದೆತಾಯಿಯನ್ನು ಕಳುಹಿಸುವವರು ಕಿಲೋಮೀಟರ್ ನೋಡಬೇಡಿ, ಮನೆಯಿಂದ ಮನೆಗೆ ಎಷ್ಟು ಗಂಟೆ ಎಂದು ನೋಡಿ. ನಡುವೆ ಎಲ್ಲಾದರೂ ವಿಮಾನ ಬದಲಿಸಿದರೆ ಇಪ್ಪತ್ತು ಗಂಟೆ ಸುಲಭವಾಗಿ ದಾಟುತ್ತದೆ. ಭಾಷೆ ಬಾರದ ನಿಲ್ದಾಣದಲ್ಲಿ ಗೇಟು ಹುಡುಕುವ ಆ ಎರಡು ಗಂಟೆಯೇ ಅವರನ್ನು ಹೆಚ್ಚು ದಣಿಸುತ್ತದೆ.